ಮದುವೆ ಮಾಡಿಸಿದವರ ಸಹಿ

ಅರ್ಜಿ ಮರಾಠಿಯಲ್ಲಿತ್ತು. ಸಿನ್ನರ್‌ನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಅದನ್ನು ಹರವಿಕೊಂಡು ಮಗಳು ಒಂದೊಂದೇ ಕಾಲಂ ಓದಿ ಹೇಳುತ್ತಿದ್ದಳು. ವರನ ಹೆಸರು, ವಧುವಿನ ಹೆಸರು, ವಯಸ್ಸು, ಮದುವೆ ನಡೆದ ಜಾಗ, ಮೂವರು ಸಾಕ್ಷಿಗಳು. ಅಪ್ಪ ಚಹಾ ಕುಡಿಯುತ್ತ ಹೂಂಗುಟ್ಟುತ್ತಿದ್ದರು. ಕೊನೆಯ ಹತ್ತಿರ ಬಂದಾಗ ಅವಳು ನಿಂತಳು. ಮದುವೆ ಮಾಡಿಸಿದ ಪುರೋಹಿತರ ಹೆಸರು, ವಿಳಾಸ, ಸಹಿ.

"ಅಪ್ಪಾ, ಇಲ್ಲಿ ಯಾರ ಹೆಸರ ಬರೀಲಿ?"

ಮದುವೆಗೆ ಇನ್ನೂ ಆರು ವಾರ ಇತ್ತು. ಅರ್ಜಿ ಕೊಡಬೇಕಾದದ್ದು ಮದುವೆಯಾದ ಮೇಲೆ. ಮಹಾರಾಷ್ಟ್ರದ 1998ರ ಕಾಯ್ದೆ ಅದಕ್ಕೆ ತೊಂಬತ್ತು ದಿನ ಕೊಡುತ್ತದೆ. ಆದರೆ ಮಗಳು ಯಾವ ಕೆಲಸವನ್ನೂ ಕೊನೆಗೆ ಇಟ್ಟುಕೊಳ್ಳುವವಳಲ್ಲ. ನಾಸಿಕದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳಿಗೆ ಚೀಟಿ ಅಂಟಿಸದ ಯಾವ ಬಾಟಲಿಯನ್ನೂ ನಂಬಬಾರದೆಂಬ ಅಭ್ಯಾಸ ಬೆಳೆದಿತ್ತು. ಅರ್ಜಿಯ ಪ್ರತಿ ಮೊದಲೇ ತಂದಿದ್ದಳು. ಹಾಗಾಗಿ ಆರು ವಾರ ಮೊದಲೇ ಮನೆಯಲ್ಲಿ ಜಗಳವೂ ಶುರುವಾಯಿತು.

ಅಪ್ಪನ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನದು, ಭೀಮಾ ನದಿಯ ಕಡೆಯದು. ಇಪ್ಪತ್ತೆರಡು ವರ್ಷದ ಹಿಂದೆ ಸಿನ್ನರ್‌ನ ಮಾಳೇಗಾಂವ್ ಕೈಗಾರಿಕಾ ವಸಾಹತಿಗೆ ಫಿಟ್ಟರ್ ಆಗಿ ಬಂದವರು, ಇಲ್ಲೇ ಉಳಿದರು. ಹುಡುಗ ನಿಫಾಡ್ ಕಡೆಯ ಮರಾಠಾ ಮನೆಯವನು. ಅವರದು ದ್ರಾಕ್ಷಿ ತೋಟ, ಈರುಳ್ಳಿ. ಇಬ್ಬರೂ ಒಪ್ಪಿದ್ದರು, ಎರಡೂ ಮನೆಯವರು ನಿಧಾನಕ್ಕೆ ಒಪ್ಪಿದ್ದರು. ಉಳಿದದ್ದು ಆ ಒಂದು ಕಾಲಂ.

ಹುಡುಗನ ತಾಯಿಗೆ ಭಟ್ಜಿ ಬೇಕು. ಅವರ ಮನೆಯ ಎಲ್ಲ ಮದುವೆಗಳೂ ಹಾಗೇ ಆಗಿವೆ. ಹುಡುಗನ ಮಾಮಾ, ನಿವೃತ್ತ ಶಾಲಾ ಮಾಸ್ತರರು, ಸತ್ಯಶೋಧಕ ಪದ್ಧತಿಯಲ್ಲಿ ತಾವೇ ಮಾಡಿಸುತ್ತೇನೆ ಎಂದರು. ಇಂಡಿ ಕಡೆಯ ಊರಿನಿಂದ ಮನೆತನದ ಅಯ್ಯನವರು ಫೋನು ಮಾಡಿ, "ನಿಮ್ಮ ಮನಿ ಲಗ್ನ ನಮ್ಮ ಅಜ್ಜನ ಕಾಲದಿಂದ ನಾವ ಮಾಡಕೋತ ಬಂದೀವಿ, ಮಹಾರಾಷ್ಟ್ರದಾಗ ಅದ ಅಂದ್ರ ಹಕ್ಕ ಹೋಗತದೇನು?" ಎಂದು ಕೇಳಿದರು. ಮಗಳಿಗೆ ಇವರು ಯಾರೂ ಬೇಕಿರಲಿಲ್ಲ. ಒಂದು ರಿಜಿಸ್ಟ್ರಾರ್ ಕಚೇರಿ, ಎರಡು ಹಾರ ಸಾಕು ಎನ್ನುತ್ತಿದ್ದಳು.

ಆಯಿ, ಅಂದರೆ ಅಪ್ಪನ ತಾಯಿ, ಏನೂ ಹೇಳಲಿಲ್ಲ. ಬಾಗಿಲ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

*

ಸಿನ್ನರ್ ಇಂದು ನಾಸಿಕ–ಪುಣೆ ರಸ್ತೆಯ ಮೇಲೆ ನಾಸಿಕದಿಂದ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ, ಬೀಡಿಗೂ ಕಾರ್ಖಾನೆಗಳಿಗೂ ಹೆಸರಾದ ಊರು. ಊರ ಅಂಚಿನಲ್ಲಿ ಗೊಂದೇಶ್ವರ ಎಂಬ ಕಪ್ಪು ಕಲ್ಲಿನ ಶಿವ ಪಂಚಾಯತನ ಗುಡಿಯಿದೆ. ಭೂಮಿಜ ಶೈಲಿಯ ಅದರ ಶಿಖರ ದೂರದಿಂದಲೇ ಕಾಣುತ್ತದೆ. ಅದನ್ನು ಕಟ್ಟಿಸಿದ ಕಾಲದಲ್ಲಿ ಈ ಊರಿಗೆ ಬೇರೆ ಮಹತ್ವವಿತ್ತು. ಕನ್ನಡ ಇತಿಹಾಸದ ಪುಸ್ತಕಗಳಲ್ಲಿ ಸೇವುಣರು ಎಂದು ಓದುವ ಯಾದವರ ಆರಂಭದ ನೆಲೆಗಳಲ್ಲಿ ಒಂದು ಇದು. ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದ ಈ ಮನೆತನದ ಶಾಸನಗಳು ಕನ್ನಡದಲ್ಲಿ ಬಹಳ ಇವೆ. ಐದನೆಯ ಭಿಲ್ಲಮ ಸುಮಾರು 1187ರಲ್ಲಿ ಸ್ವತಂತ್ರನಾದ. ರಾಜಧಾನಿ ದೇವಗಿರಿಗೆ, ಈಗಿನ ಛತ್ರಪತಿ ಸಂಭಾಜಿನಗರದ ಹತ್ತಿರದ ದೌಲತಾಬಾದಿಗೆ, ಸರಿಯಿತು. ಅದೇ ಭಿಲ್ಲಮ ಗದಗಿನ ಹತ್ತಿರದ ಸೊರಟೂರಿನಲ್ಲಿ ಹೊಯ್ಸಳ ಬಲ್ಲಾಳನಿಗೆ ಸೋತ.

ದೇವಗಿರಿಯ ಆಸ್ಥಾನದಲ್ಲಿ ಮುಂದೆ ಹೇಮಾದ್ರಿ ಎಂಬ ಮಂತ್ರಿ ಬಂದ. ಮಹಾದೇವ, ರಾಮಚಂದ್ರ ಇಬ್ಬರೂ ದೊರೆಗಳ ಕಾಲದಲ್ಲಿ ಅಧಿಕಾರದಲ್ಲಿದ್ದ ಅವನು ಕರಣಾಧಿಪ, ಅಂದರೆ ರಾಜ್ಯದ ದಫ್ತರಗಳ ಮುಖ್ಯಸ್ಥ. ಅವನ ಹೆಸರಿನಲ್ಲಿರುವ ‘ಚತುರ್ವರ್ಗ ಚಿಂತಾಮಣಿ’ ವ್ರತ, ದಾನ, ತೀರ್ಥ, ಶ್ರಾದ್ಧಗಳನ್ನು ಯಾವಾಗ, ಹೇಗೆ, ಯಾರಿಂದ ಮಾಡಿಸಬೇಕೆಂದು ಹೇಳುವ ಬೃಹತ್ ಗ್ರಂಥ. ದೊರೆಯ ಲೆಕ್ಕಪತ್ರ ಇಟ್ಟವನೇ ದೇವರ ಲೆಕ್ಕಪತ್ರವನ್ನೂ ಬರೆದ ಎನ್ನಬಹುದು. ದಫ್ತರ ಮತ್ತು ವಿಧಿ ಆಗಲೇ ಒಂದೇ ಮೇಜಿನ ಮೇಲಿದ್ದವು.

ಇದಕ್ಕೆ ನೂರು ವರ್ಷ ಮೊದಲು, ಇದೇ ಸೇವುಣರ ಒಡೆಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಒಂದು ಮದುವೆ ಊರನ್ನೇ ಸುಟ್ಟಿತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಶರಣರು ಮಾಡಿದ ಆ ಮದುವೆಯ ಕಥೆ ಇಂಡಿ ಕಡೆಯ ಮಕ್ಕಳಿಗೂ ಗೊತ್ತು. ಶರಣ ಪರಂಪರೆ ಹೇಳುವಂತೆ ಬಿಜ್ಜಳ ಇಬ್ಬರೂ ತಂದೆಯರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದ. ಅಲ್ಲಿ ಶಿಕ್ಷೆಯಾದದ್ದು ಪ್ರೀತಿಗಲ್ಲ, ಯಾರು ಯಾರಿಗೆ ಮದುವೆ ಮಾಡಿಸಬಹುದು ಎಂಬ ಅಧಿಕಾರವನ್ನು ಕೇಳದೆ ಕೈಗೆತ್ತಿಕೊಂಡದ್ದಕ್ಕೆ. ಆ ಶರಣರ ದಾರಿಯಲ್ಲಿ ನಡೆದ ಮನೆಗಳಲ್ಲೇ ಮುಂದೆ ಮದುವೆ ಮಾಡಿಸುವ ಹಕ್ಕು ಕೆಲವು ಜಂಗಮ ಮನೆತನಗಳ ವಂಶಪಾರಂಪರ್ಯವಾಯಿತು. ಫೋನಿನಲ್ಲಿ ಅಯ್ಯನವರು ಕೇಳಿದ ಹಕ್ಕು ಅದು.

*

ಮುಂದಿನ ಭಾನುವಾರ ಹುಡುಗನ ಮಾಮಾ ಸಿನ್ನರ್‌ಗೆ ಬಂದರು. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು, ಹೆಗಲ ಚೀಲದಲ್ಲಿ ಮಹಾತ್ಮಾ ಫುಲೆ ಅವರ ಸಮಗ್ರ ವಾಙ್ಮಯದ ದಪ್ಪ ಸಂಪುಟ. ಮರಾಠಿಯಲ್ಲಿ ಅವರು ಹೇಳುತ್ತ ಹೋದರು, ಆಯಿಗಾಗಿ ಮಗಳು ಕನ್ನಡದಲ್ಲಿ ಹೇಳುತ್ತ ಹೋದಳು.

ಹಿಂದೆ ಹಳ್ಳಿಯಲ್ಲಿ ಮದುವೆ ಮಾಡಿಸುವುದು ಗ್ರಾಮಜೋಶಿಯ ವತನವಾಗಿತ್ತು. ಪಾಟೀಲನಿಗೆ ಪಾಟೀಲಕಿ, ಕುಲಕರ್ಣಿಗೆ ಲೆಕ್ಕ ಇದ್ದ ಹಾಗೆ ಜೋಶಿಗೆ ಊರಿನ ಲಗ್ನಗಳು. ಅದು ಆಸ್ತಿ. ತಂದೆಯಿಂದ ಮಗನಿಗೆ ಬರುತ್ತಿತ್ತು, ಅಣ್ಣತಮ್ಮಂದಿರಲ್ಲಿ ಪಾಲಾಗುತ್ತಿತ್ತು. ಬ್ರಿಟಿಷರ ನ್ಯಾಯಾಲಯಗಳೂ ಅದನ್ನು ಹಾಗೇ ಕಂಡವು. ಮನೆಯವರು ಬೇರೆ ಪುರೋಹಿತನನ್ನು ಕರೆಸಿದರೂ ಊರ ಜೋಶಿ ತನ್ನ ದಕ್ಷಿಣೆಗಾಗಿ ದಾವೆ ಹಾಕಬಹುದೆಂದು 1870ರ ದಶಕದಲ್ಲಿ ಬಾಂಬೆ ಹೈಕೋರ್ಟೇ ಒಪ್ಪಿತ್ತು.

ಅದೇ ದಶಕದಲ್ಲಿ, 1873ರ ಸೆಪ್ಟೆಂಬರ್ 24ರಂದು, ಜೋತಿರಾವ್ ಫುಲೆ ಪುಣೆಯಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು. ಮೂರು ತಿಂಗಳಲ್ಲಿ, ಡಿಸೆಂಬರ್ 25ರಂದು, ಪುರೋಹಿತರಿಲ್ಲದ ಮೊದಲ ಮದುವೆ ಆಯಿತು. ಹುಡುಗ ಸೀತಾರಾಮ ಆಲ್ಹಾಟ, ಹುಡುಗಿ ರಾಧಾ. ಓಡಾಡಿ ಮಾಡಿಸಿದವರು ಸಾವಿತ್ರಿಬಾಯಿ. ಖರ್ಚು ಎಲೆ ಅಡಿಕೆಯದ್ದಷ್ಟೇ. ಮಂತ್ರದ ಜಾಗದಲ್ಲಿ ಗಂಡು ಹೆಣ್ಣು ಇಬ್ಬರೂ ತಮಗೆ ಅರ್ಥವಾಗುವ ಮರಾಠಿಯಲ್ಲಿ ಪರಸ್ಪರ ಮಾತು ಕೊಡುವ ಪದ್ಧತಿಯನ್ನು ಫುಲೆ ರೂಪಿಸಿದರು, 1887ರಲ್ಲಿ ಅದರ ವಿಧಿಯನ್ನು ಅಚ್ಚು ಹಾಕಿಸಿದರು. ಅವರ ಮಂಗಳಾಷ್ಟಕದಲ್ಲಿ ಹೆಣ್ಣು ಸುಮ್ಮನೆ ತಲೆ ತಗ್ಗಿಸಿ ನಿಲ್ಲುವುದಿಲ್ಲ. ಹೆಂಗಸರಿಗೆ ಇಲ್ಲದ ಸ್ವಾತಂತ್ರ್ಯದ ಮಾತನ್ನು ಅವಳು ಮಂಟಪದಲ್ಲೇ ಎತ್ತುತ್ತಾಳೆ, ಗಂಡು ಅದಕ್ಕೆ ಎಲ್ಲರೆದುರು ಮಾತು ಕೊಡಬೇಕು.

ಜುನ್ನರ್ ತಾಲ್ಲೂಕಿನ ಓತೂರಿನಲ್ಲಿ ಬಾಳಾಜಿ ಕುಸಾಜಿ ಪಾಟೀಲ ತನ್ನ ಮನೆಯ ಮದುವೆಯನ್ನು ಹೀಗೆ ಮಾಡಿದಾಗ ಊರ ಜೋಶಿ ಕೋರ್ಟಿಗೆ ಹೋದ. ವರ್ಷಗಟ್ಟಲೆ ನಡೆದ ಖಟ್ಲೆ ಹೈಕೋರ್ಟಿನ ತನಕ ಏರಿತು. 1890ರಲ್ಲಿ ತೀರ್ಪು ಪಾಟೀಲನ ಕಡೆ ಬಂತು. ಅದೇ ವರ್ಷದ ನವೆಂಬರಿನಲ್ಲಿ ಫುಲೆ ತೀರಿಕೊಂಡರು. ಕರೆಯದ, ಮಾಡದ ಸೇವೆಗೆ ದಕ್ಷಿಣೆ ಕೇಳುವ ಹಕ್ಕನ್ನು ಕಾಯ್ದೆಯೇ ತೆಗೆದುಹಾಕಲು 1926 ಬರಬೇಕಾಯಿತು.

ಮಾಮಾ ಅಲ್ಲಿಗೆ ನಿಲ್ಲಿಸಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರಿಗೇ ವೇದೋಕ್ತ ವಿಧಿ ಮಾಡಿಸಲು ರಾಜೋಪಾಧ್ಯೆ ಒಪ್ಪದೆ ಇದ್ದದ್ದನ್ನು ಹೇಳಿದರು. ಮಹಾರಾಜರು ಅವನ ಇನಾಮು ಕಿತ್ತುಕೊಂಡರು. 1920ರಲ್ಲಿ ಮರಾಠಾ ಹುಡುಗರಿಗೆ ಪೌರೋಹಿತ್ಯ ಕಲಿಸುವ ಶಾಲೆ ತೆರೆದರು, ಕ್ಷಾತ್ರ ಜಗದ್ಗುರು ಪೀಠ ಕಟ್ಟಿದರು. ಆ ಪೀಠಕ್ಕೆ ಬಂದವರು ಸದಾಶಿವರಾವ್ ಪಾಟೀಲ ಬೇನಾಡಿಕರ್. "ಬೇನಾಡಿ ನಮ್ಮ ನಿಪ್ಪಾಣಿ ಹತ್ರ ಅದ" ಎಂದು ಅಪ್ಪ ನಡುವೆ ಬಾಯಿ ಹಾಕಿದರು. ಆದರೆ ಹಳೆಯ ಗುರುವನ್ನು ಇಳಿಸಿ ಹೊಸ ಗುರುವನ್ನು ಕೂಡಿಸಿದ್ದು ಎಷ್ಟು ಸರಿ ಎಂದು ಸತ್ಯಶೋಧಕರಲ್ಲೇ ಪ್ರಶ್ನೆ ಎದ್ದಿತ್ತು ಎಂಬುದನ್ನು ಮಾಮಾ ಮುಚ್ಚಿಡಲಿಲ್ಲ.

ಅಂಬೇಡ್ಕರ್ ಈ ಗಂಟನ್ನು ಬೇರೆ ಕಡೆಯಿಂದ ಬಿಡಿಸಲು ನೋಡಿದರು. ಸಿನ್ನರ್ ಇರುವ ನಾಸಿಕ ಜಿಲ್ಲೆಯಲ್ಲೇ, ಯೇವಲಾದಲ್ಲಿ, 1935ರ ಅಕ್ಟೋಬರ್ 13ರಂದು ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದವರು, ಮರುವರ್ಷ ‘ಜಾತಿ ವಿನಾಶ’ದಲ್ಲಿ ಹಿಂದೂ ಪೌರೋಹಿತ್ಯಕ್ಕೆ ಒಂದು ಸುಧಾರಣೆ ಸೂಚಿಸಿದರು. ಪೌರೋಹಿತ್ಯ ಇಲ್ಲವಾದರೆ ಒಳ್ಳೆಯದು. ಅದಾಗದಿದ್ದರೆ ವಂಶಪಾರಂಪರ್ಯವಾದರೂ ನಿಲ್ಲಬೇಕು. ಸರ್ಕಾರ ಪರೀಕ್ಷೆ ಮಾಡಿ ಸನದು ಕೊಡಬೇಕು, ಸನದಿಲ್ಲದವರು ಮಾಡಿಸಿದ ವಿಧಿಗೆ ಕಾನೂನಿನ ಬೆಲೆ ಇರಬಾರದು, ಪುರೋಹಿತ ಸರ್ಕಾರದ ನೌಕರನಂತೆ ಶಿಸ್ತಿಗೆ ಒಳಗಾಗಬೇಕು. ವೈದ್ಯನಿಗೆ, ವಕೀಲನಿಗೆ ಅರ್ಹತೆ ಕೇಳುವ ಸಮಾಜ ಪುರೋಹಿತನಿಗೆ ಯಾಕೆ ಕೇಳುವುದಿಲ್ಲ ಎಂಬುದು ಅವರ ತರ್ಕ.

ಮಾಮಾ ಪುಸ್ತಕ ಮುಚ್ಚಿದರು. ಆಯಿ ಮೊದಲ ಸಲ ಬಾಯಿ ತೆರೆದಳು.

"ಇದೆಲ್ಲಾ ಖರೇ. ಆದ್ರ ಇವ್ರೆಲ್ಲಾ ಲಗ್ನದ ದಿವಸದ ಮಾತ ಆಡಾಕತ್ತಾರ. ನನ್ನ ಮಗಳಿಗಿ ಆ ಮಾತ ಬೇಕಾಗಿದ್ದ ಹದಿನೈದ ವರ್ಷ ಆದಮ್ಯಾಲ."

*

ಮನೆಯಲ್ಲಿ ಯಾರೂ ಜೋರಾಗಿ ಹೇಳದ ಕಥೆ ಅದು. ಅಪ್ಪನ ಅಕ್ಕ, ಮಗಳಿಗೆ ದೊಡ್ಡತ್ತಿ. ಬರಗಾಲದ ವರ್ಷದಲ್ಲಿ, ಹತ್ತು ಜನರ ಮುಂದೆ, ಹುಡುಗನ ಊರಿನ ಗುಡಿಯ ಕಟ್ಟೆಯ ಮೇಲೆ ಅವಳ ಮದುವೆ ಆಗಿತ್ತು. ಅಯ್ಯನವರು, ಅಂದರೆ ಈಗ ಫೋನು ಮಾಡಿದವರ ತಂದೆ, ಅಕ್ಕಿಕಾಳು ಹಾಕಿಸಿದ್ದರು. ಪತ್ರಿಕೆ ಅಚ್ಚು ಹಾಕಿಸಿರಲಿಲ್ಲ, ಫೋಟೋ ತೆಗೆಸಿರಲಿಲ್ಲ. ಹದಿನೈದು ವರ್ಷ, ಎರಡು ಮಕ್ಕಳು. ಆಮೇಲೆ ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ.

ದೊಡ್ಡತ್ತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು, ಜೀವನಾಂಶಕ್ಕೆ ಕೋರ್ಟಿಗೆ ಹೋದಳು. ಗಂಡನ ವಕೀಲ ಎದ್ದು ನಿಂತು ಹೇಳಿದ್ದು ಒಂದೇ ಮಾತು. ಮದುವೆಯೇ ಆಗಿಲ್ಲ. ಆಗಿದ್ದರೆ ಮಾಡಿಸಿದವರನ್ನು ಕರೆಸಲಿ.

ಆಯಿ ಅಯ್ಯನವರ ಮನೆಗೆ ಹೋದಳು. ಒಂದಲ್ಲ, ನಾಲ್ಕು ಸಲ. ಎರಡೂ ಊರು ತಮಗೆ ಬೇಕಾದ ಊರು, ಎರಡೂ ಕಡೆ ಭಕ್ತರ ಮನೆಗಳಿವೆ, ಕೋರ್ಟಿನ ಕಟ್ಟೆ ಹತ್ತಿದ ಜಂಗಮನಿಗೆ ಯಾರು ಮರ್ಯಾದೆ ಕೊಡುತ್ತಾರೆ ಎಂದರು ಅವರು. ಬರಲಿಲ್ಲ. ಮದುವೆ ಮಾಡಿಸುವ ಹಕ್ಕು ತಮ್ಮದೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದ ಮನೆತನ, ಆ ಮದುವೆ ಆಗಿತ್ತು ಎಂದು ಹೇಳಲು ಬರಲಿಲ್ಲ.

ಬಂದವನು ಬಳೆಗಾರ. ಮದುವೆಯ ಹಿಂದಿನ ದಿನ ಹಸಿರು ಬಳೆ ಇಟ್ಟವನು. ಎಪ್ಪತ್ತು ದಾಟಿದ್ದ, ಒಂದು ಕಣ್ಣು ಕಾಣುತ್ತಿರಲಿಲ್ಲ. ಬಸ್ಸಿನ ಖರ್ಚನ್ನೂ ತೆಗೆದುಕೊಳ್ಳದೆ ಬಂದು ಕಟಕಟೆಯಲ್ಲಿ ನಿಂತ. "ಈ ಕೈಗಿ ನಾನ ಬಳಿ ಇಟ್ಟೀನ್ರಿ. ಆಕಿ ಅಳಾಕತ್ತಿದ್ಳು, ಎಡಗೈದು ಎರಡ ಬಳಿ ಒಡದ್ವು, ಮತ್ತ ಎರಡ ಪುಕ್ಕಟ ಇಟ್ಟೆ" ಎಂದ. ಆ ಒಡೆದ ಎರಡು ಬಳೆಯ ಮಾತನ್ನು ನ್ಯಾಯಾಧೀಶರು ನಂಬಿದರು. ತಿಂಗಳಿಗೆ ಒಂದಿಷ್ಟು ಹಣ ಮಂಜೂರಾಯಿತು. ಬಂದದ್ದು ಅಪರೂಪಕ್ಕೆ.

"ಬಳಿಗಾರಗ ಯಾವ ವತನ ಇತ್ತು?" ಎಂದು ಆಯಿ ಕೇಳಿದಳು. ಮಾಮಾ ಏನೂ ಹೇಳಲಿಲ್ಲ.

*

ದೊಡ್ಡತ್ತಿಯಂಥ ಹೆಂಗಸರ ಸಾಲು ಉದ್ದವಿದೆ, ಸಮುದ್ರದಾಚೆಗೂ ಹಬ್ಬಿದೆ. ಫುಲೆ ಪುಣೆಯಲ್ಲಿ ಶಾಲೆ ತೆರೆಯುವುದಕ್ಕೆ ಐದು ವರ್ಷ ಮೊದಲು, 1843ರಲ್ಲಿ, ಅಮೆರಿಕದ ನಾವೂ ಎಂಬ ಊರಿನಲ್ಲಿ ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಮದುವೆಯ ಬಗ್ಗೆ ಒಂದು ದೈವವಾಣಿಯನ್ನು ಬರೆಸಿದ. ಲೋಕದ ಮದುವೆಗಳೆಲ್ಲ ಸಾವಿನೊಂದಿಗೆ ಮುಗಿಯುತ್ತವೆ, ಅಧಿಕಾರ ಪಡೆದವನು ಮುದ್ರೆಯೊತ್ತಿದ ಮದುವೆ ಮಾತ್ರ ಸತ್ತ ಮೇಲೂ ಉಳಿಯುತ್ತದೆ, ಆ ಅಧಿಕಾರದ ಕೀಲಿಕೈ ಭೂಮಿಯ ಮೇಲೆ ಒಂದು ಕಾಲಕ್ಕೆ ಒಬ್ಬನ ಬಳಿ ಮಾತ್ರ ಇರುತ್ತದೆ ಎಂಬುದು ಅದರ ಸಾರ. ಅದೇ ವಾಣಿ ಗಂಡಸಿಗೆ ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನೂ ಒಪ್ಪಿತು. ಮರುವರ್ಷ ಜೂನ್ 27ರಂದು ಜೈಲಿಗೆ ನುಗ್ಗಿದ ಗುಂಪು ಸ್ಮಿತ್‌ನನ್ನು ಕೊಂದಿತು. ಕೀಲಿಕೈ ಯಾರಿಗೆ ಹೋಯಿತು?

ಬ್ರಿಗಮ್ ಯಂಗ್ ಮತ್ತು ಅವನೊಂದಿಗಿದ್ದ ಅಪೊಸ್ತಲರು ತಮ್ಮ ಬಳಿ ಇದೆ ಎಂದರು. ಸ್ಮಿತ್‌ನ ತಮ್ಮ ವಿಲಿಯಂ ಮನೆತನದ ಹೆಸರಿನಲ್ಲಿ ಹಕ್ಕು ಹೇಳಿದ, ಅವನನ್ನು 1845ರಲ್ಲಿ ಹೊರಹಾಕಿದರು. ಯಂಗ್ ಬಹುಪಾಲು ಜನರನ್ನು ಕಟ್ಟಿಕೊಂಡು ಯೂಟಾಕ್ಕೆ ನಡೆದ. ಹಿಂದೆ ಉಳಿದವರಲ್ಲಿ ಒಂದು ಗುಂಪು 1860ರಲ್ಲಿ ಸ್ಮಿತ್‌ನ ಮಗನನ್ನೇ ಮುಖ್ಯಸ್ಥನನ್ನಾಗಿ ಮಾಡಿಕೊಂಡಿತು. ತಂದೆ ಬಹುಪತ್ನಿತ್ವವನ್ನು ಕಲಿಸಿಯೇ ಇರಲಿಲ್ಲ ಎಂದು ಆ ಮಗ ಕೊನೆಯ ತನಕ ವಾದಿಸಿದ.

ಈ ವಾದ ನಿಜವಾಗಿ ಬಂದು ಬಿದ್ದದ್ದು ಹೆಂಗಸರ ಮೇಲೆ. ಮಿಸ್ಸೂರಿ ರಾಜ್ಯದಲ್ಲಿ ದೇವಾಲಯಕ್ಕೆಂದು ಗುರುತಿಸಿದ್ದ ಒಂದು ತುಂಡು ಜಾಗ ಯಾರದು ಎಂಬ ದಾವೆಯಲ್ಲಿ, 1892ರಲ್ಲಿ, ತಾವು ಸ್ಮಿತ್‌ಗೆ ಮದುವೆಯಾಗಿದ್ದೆವು ಎಂದು ಎಮಿಲಿ ಪಾರ್ಟ್ರಿಜ್, ಮಲಿಸ್ಸಾ ಲಾಟ್, ಲೂಸಿ ವಾಕರ್ ಎಂಬ ಮೂವರು ಸಾಕ್ಷಿ ಹೇಳಬೇಕಾಯಿತು. ಮದುವೆ ಮುಗಿದು ಸುಮಾರು ಐವತ್ತು ವರ್ಷವಾಗಿತ್ತು. ವಕೀಲರು ದಿನಾಂಕ ಕೇಳಿದರು, ಯಾರು ಮಾಡಿಸಿದರು ಎಂದು ಕೇಳಿದರು, ಮಲಗುವ ಕೋಣೆಯ ಪ್ರಶ್ನೆಗಳನ್ನೂ ಕೇಳಿದರು. ಸ್ವರ್ಗದ ತನಕ ಬರುತ್ತದೆಂದು ಮುದ್ರೆ ಹಾಕಿದ ಮದುವೆಯನ್ನು ಒಂದು ಜಮೀನಿನ ಖಟ್ಲೆಯಲ್ಲಿ ಆ ಮುದುಕಿಯರು ಮತ್ತೆ ಸಾಧಿಸಿ ತೋರಿಸಬೇಕಾಯಿತು. 

ನಮ್ಮ ನ್ಯಾಯಾಲಯಗಳ ಕಡತಗಳಲ್ಲೂ ಇದೇ ಗಂಟು ಇದೆ. 1955ರ ಹಿಂದೂ ವಿವಾಹ ಕಾಯ್ದೆಯ ಏಳನೆಯ ಕಲಮು ಮದುವೆ ಎರಡು ಪಕ್ಷಗಳಲ್ಲಿ ಯಾವುದಾದರೊಂದು ಪಕ್ಷದ ರೂಢಿಯ ವಿಧಿಯಂತೆ ಆಗಬಹುದು ಎನ್ನುತ್ತದೆ. ಉದಾರವಾದ ಮಾತು. ಪುರೋಹಿತ ಯಾವ ಜಾತಿಯವನಿರಬೇಕೆಂದು ಅದು ಕೇಳುವುದಿಲ್ಲ. ಆದರೆ ವಿಧಿ ಪೂರ್ತಿಯಾಗಿತ್ತೇ ಎಂಬ ಪ್ರಶ್ನೆ ಯಾರ ಕೈಗೆ ಸಿಗುತ್ತದೆ ಎಂಬುದು ಬೇರೆ ಮಾತು. ಮಹಾರಾಷ್ಟ್ರದ ಭಾವುರಾವ್ ಲೋಖಂಡೆ ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾದ. ದ್ವಿಪತ್ನಿತ್ವದ ಶಿಕ್ಷೆಯೂ ಆಯಿತು. 1965ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಟ್ಟಿತು. ಎರಡನೆಯದರಲ್ಲಿ ಹೋಮ, ಸಪ್ತಪದಿ ಆಗಿರಲಿಲ್ಲ, ಅವು ಬೇಡವೆನ್ನುವ ರೂಢಿಯೂ ಸಾಬೀತಾಗಲಿಲ್ಲ, ಆದ್ದರಿಂದ ಅದು ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ, ಮದುವೆ ಅಲ್ಲದ ಮೇಲೆ ಅಪರಾಧವೂ ಇಲ್ಲ. ವಿಧಿಯಲ್ಲಿ ಬಿಟ್ಟುಹೋದ ಹೆಜ್ಜೆಗಳು ಗಂಡಸಿಗೆ ಬಾಗಿಲಾದವು. ಒಬ್ಬ ಹೆಂಡತಿಗೆ ನ್ಯಾಯ ಸಿಗಲಿಲ್ಲ, ಇನ್ನೊಬ್ಬಳು ಹೆಂಡತಿಯೇ ಅಲ್ಲ ಎಂದಾಯಿತು.

ತಮಿಳುನಾಡು ಬೇರೆ ದಾರಿ ಹಿಡಿಯಿತು. ಪೆರಿಯಾರ್ ಚಳವಳಿಯ ಸ್ವಾಭಿಮಾನ ಮದುವೆಗಳು ಸಿಂಧುವಲ್ಲ ಎಂದು ಮದ್ರಾಸ್ ಹೈಕೋರ್ಟ್ 1953ರಲ್ಲಿ ಹೇಳಿದ ಮೇಲೆ ಸಾವಿರಾರು ಮನೆಗಳ ಮೇಲೆ ಆ ತೂಗುಗತ್ತಿ ಇತ್ತು. 1967ರಲ್ಲಿ ಅಣ್ಣಾದೊರೈ ಸರ್ಕಾರ ಕಾಯ್ದೆಗೆ 7ಎ ಕಲಮು ಸೇರಿಸಿತು. ಬಂಧುಮಿತ್ರರ ಎದುರು ಒಬ್ಬರನ್ನೊಬ್ಬರು ಒಪ್ಪಿಕೊಂಡು ಹಾರ ಹಾಕಿದರೂ, ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಸಾಕು, ಪುರೋಹಿತ ಬೇಡ. 2001ರಲ್ಲಿ ಇದೇ ಕಲಮು ಸುಪ್ರೀಂ ಕೋರ್ಟಿನಲ್ಲಿ ಒಬ್ಬ ಮೊದಲ ಹೆಂಡತಿಯ ಕೈ ಹಿಡಿಯಿತು. ಸಪ್ತಪದಿ ಆಗಿಲ್ಲ ಎಂಬ ಹಳೆಯ ಬಾಗಿಲಿನಿಂದ ಜಾರಿಕೊಳ್ಳಲು ನೋಡಿದ ಗಂಡನ ಎರಡನೆಯ ಮದುವೆ ಮದುವೆಯೇ ಹೌದು, ಆದ್ದರಿಂದ ಅಪರಾಧವೂ ಹೌದು ಎಂದು ನ್ಯಾಯಾಲಯ ಹೇಳಿತು.

ಹಾಗೆಂದು ಬರೀ ಕಾಗದವೂ ನಿಲ್ಲುವುದಿಲ್ಲ. ಯಾವ ವಿಧಿಯೂ ಇಲ್ಲದೆ ಒಂದು ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು ನೋಂದಾಯಿಸಿಕೊಂಡಿದ್ದ ಇಬ್ಬರು ಪೈಲಟ್‌ಗಳ ಪ್ರಕರಣದಲ್ಲಿ, ಹಿಂದೂ ಕಾಯ್ದೆಯಡಿ ವಿಧಿ ನಡೆಯದಿದ್ದರೆ ನೋಂದಣಿಯೊಂದೇ ಮದುವೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಕಚೇರಿಯಲ್ಲೇ ಮದುವೆಯಾಗಬೇಕೆಂದರೆ 1954ರ ವಿಶೇಷ ವಿವಾಹ ಕಾಯ್ದೆಯಿದೆ, ಮೂವತ್ತು ದಿನದ ನೋಟಿಸಿನೊಂದಿಗೆ. ಮಗಳು ಅದನ್ನೂ ಓದಿಕೊಂಡಿದ್ದಳು. ಆದರೆ ಆಯಿಯ ಮಾತು ಕೇಳಿದ ಮೇಲೆ ಎರಡು ಹಾರ, ಒಂದು ಕಚೇರಿ ಎಂಬ ತನ್ನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಕಚೇರಿಯಲ್ಲಿ ಅಂದು ಕೂತಿದ್ದ ಗುಮಾಸ್ತನಿಗೆ ಹದಿನೈದು ವರ್ಷದ ಮೇಲೆ ತನ್ನ ಮುಖ ನೆನಪಿರುವುದಿಲ್ಲ ಎಂಬುದು ಅವಳಿಗೆ ಹೊಳೆದಿತ್ತು.

*

ಆಯಿ ಆಮೇಲೆ ಮೂವರಿಗೂ ಒಂದೇ ಪ್ರಶ್ನೆ ಕೇಳಿಸಿದಳು. ನಾಳೆ ಏನಾದರೂ ಆದರೆ, ಕರೆದಾಗ ಬಂದು ಈ ಮದುವೆ ಮಾಡಿಸಿದವರು ನಾವೇ ಎಂದು ಹೇಳುತ್ತೀರಾ?

ಭಟ್ಜಿಗೆ ಹುಡುಗನ ತಾಯಿ ಫೋನು ಮಾಡಿದರು. ಒಳ್ಳೆಯ ಮನುಷ್ಯ, ಮೋಸದ ಮಾತಾಡಲಿಲ್ಲ. ಆ ಮುಹೂರ್ತಕ್ಕೆ ತಮ್ಮ ಕೈಯಲ್ಲಿ ಮೂರು ಮದುವೆಗಳಿವೆ, ಶಿಷ್ಯನನ್ನು ಕಳಿಸಬಹುದು, ಅರ್ಜಿಗೆ ಸಹಿ ಹಾಕಿಕೊಡುತ್ತೇನೆ, ಉಳಿದದ್ದಕ್ಕೆ ಮಾತು ಕೊಡಲಾರೆ ಎಂದರು. ಹುಡುಗನ ತಾಯಿ ಫೋನು ಇಟ್ಟು ಬಹಳ ಹೊತ್ತು ಸುಮ್ಮನಿದ್ದು, "ಹಾಗಿದ್ದರೆ ನಮ್ಮಣ್ಣನೇ ಮಾಡಿಸಲಿ" ಎಂದರು. ಅವರಿಗೂ ಒಬ್ಬಳು ಮಗಳಿದ್ದಳು.

ಮಾಮಾ ಯೋಚಿಸಿಯೇ ಹೂಂ ಎಂದರು. "ನನಗೆ ಅರವತ್ತೆಂಟು. ಎಷ್ಟು ವರ್ಷ ಬರಬಲ್ಲೆ ಎಂದು ಹೇಳಲಾರೆ. ಬದುಕಿರುವ ತನಕ ಬರುತ್ತೇನೆ. ನನ್ನ ಅಳಿಯನ ವಿರುದ್ಧ ಹೇಳಬೇಕಾದರೂ ಬರುತ್ತೇನೆ." ಕೊನೆಯ ಮಾತನ್ನು ಹೇಳುವಾಗ ಹುಡುಗ ಪಕ್ಕದಲ್ಲೇ ಇದ್ದ. ಅವನು ನಗಲಿಲ್ಲ, ತಲೆ ಅಲ್ಲಾಡಿಸಿದ.

ಉಳಿದವರು ಅಯ್ಯನವರು. ಅವರನ್ನು ಆಯಿ ತಾನೇ ಕೇಳಿದಳು. ಮಗ ಫೋನು ಹಿಡಿದುಕೊಂಡ, ಸ್ಪೀಕರ್ ಹಾಕಿದ.

"ಅಯ್ಯನೋರ, ಹಕ್ಕಿನ ಮಾತ ಬ್ಯಾಡ. ನಿಮ್ಮ ಅಪ್ಪಾರು ನನ್ನ ಮಗಳ ಖಟ್ಲೇಕ ಬರಲಿಲ್ಲ. ನೀವು ನನ್ನ ಮೊಮ್ಮಗಳಿಗಿ ಬರ್ತೀರೇನ್ರಿ?"

ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಟ್ರ್ಯಾಕ್ಟರ್ ಹೋದ ಸದ್ದು ಕೇಳಿಸಿತು. ಆಮೇಲೆ ಅವರು ಹೇಳಿದರು, "ಅಪ್ಪ ಸಾಯೂ ಮುಂದ ಅದನ್ನ ನೆನಸಕೊಂಡಿದ್ರು, ಅಮ್ಮಾ. ಆ ಮುದಕ ಬಳಿಗಾರ ಹೋದ, ನಾ ಹೋಗಲಿಲ್ಲ ಅಂತಿದ್ರು." ಮತ್ತೆ ತಡೆದು, "ಲಗ್ನ ಯಾರರ ಮಾಡಸ್ಲಿ. ನಾ ಬರತೀನಿ" ಎಂದರು.

ಮದುವೆ ಸಿನ್ನರ್‌ನ ಒಂದು ಸಣ್ಣ ಸಭಾಂಗಣದಲ್ಲಿ ಆಯಿತು. ಮಾಮಾ ಕನ್ನಡಕ ಏರಿಸಿಕೊಂಡು ಮರಾಠಿಯಲ್ಲಿ ವಿಧಿ ಓದಿಸಿದರು. ಮಗಳು ತನ್ನ ಪಾಲಿನ ಮಾತನ್ನು ಮರಾಠಿಯಲ್ಲಿ ಒಮ್ಮೆ, ಆಯಿಗೆ ಕೇಳಲಿ ಎಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು. ಹುಡುಗನೂ ಕನ್ನಡದಲ್ಲಿ ಹೇಳಲು ನೋಡಿದ, ‘ಸಮಾನ’ ಎಂಬಲ್ಲಿ ತೊದಲಿದ, ಹೆಂಗಸರು ನಕ್ಕರು. ಅಯ್ಯನವರು ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದರು. ಅಕ್ಕಿಕಾಳು ಹಾಕುವಾಗ ಎಲ್ಲರೊಂದಿಗೆ ಎದ್ದು ನಿಂತು ಹಾಕಿದರು. ದೊಡ್ಡತ್ತಿ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಅವರು ಅವಳ ಹತ್ತಿರ ಹೋಗಿ ಏನೋ ಹೇಳಿದರು. ಅವಳು ಉತ್ತರ ಕೊಡಲಿಲ್ಲ. ಊಟದ ಹೊತ್ತಿಗೆ ಅವರ ಎಲೆಗೆ ಹೋಳಿಗೆ ಬಡಿಸಿದವಳು ಅವಳೇ.

ಒಂಬತ್ತನೆಯ ದಿನ ಮಗಳು ಅರ್ಜಿ ತುಂಬಿದಳು. ಪುರೋಹಿತರ ಕಾಲಂನಲ್ಲಿ ಮಾಮಾನ ಹೆಸರು, ವಿಳಾಸ, ಸಹಿ. ಮೊದಲನೆಯ ಸಾಕ್ಷಿ ಅಯ್ಯನವರು. ಊರಿಗೆ ಹೋಗುವ ಮೊದಲೇ ಸಹಿ ಮಾಡಿ, ಕೆಳಗೆ ಊರು, ತಾಲ್ಲೂಕು, ಜಿಲ್ಲೆ, ಮಗನ ಮೊಬೈಲ್ ನಂಬರ್ ತನಕ ಬರೆದುಕೊಟ್ಟಿದ್ದರು. ಎರಡನೆಯ ಸಾಕ್ಷಿ ಹುಡುಗನ ತಾಯಿ. ಮೂರನೆಯದಕ್ಕೆ ಅಪ್ಪ ಪೆನ್ನು ತೆಗೆದಾಗ ಆಯಿ ಕೈ ಚಾಚಿದಳು. ಅವಳಿಗೆ ಬರೆಯಲು ಬರುವುದಿಲ್ಲ. ಮಗಳು ಇಂಕ್ ಪ್ಯಾಡ್ ತಂದು ಹೆಬ್ಬೆರಳನ್ನು ಹಿಡಿದು ಒತ್ತಿಸಿದಳು.

ಗುರುತು ಸ್ವಲ್ಪ ಕದಡಿತು. ಇದನ್ನು ಒಪ್ಪುತ್ತಾರೋ ಇಲ್ಲವೋ, ಇನ್ನೊಂದು ಫಾರಂ ತರಲೇ ಎಂದು ಮಗಳು ಕೇಳಿದಳು.

"ತಾ. ಮತ್ತ ಒತ್ತತೀನಿ" ಎಂದಳು ಆಯಿ.